ಗದ್ದೆಯನ್ನು ನೆನಪಿಸುವ ಚೀವರ

ಕಾಷಾಯವಸ್ತ್ರವನ್ನು ಕಂಡೊಡನೆ ಕೈಮುಗಿಯುವುದು ನಮ್ಮ ನಾಡಿನ ಸಂಸ್ಕಾರ. ಆ ವಸ್ತ್ರವು ಗೌರವದ ಗುರುತಾಗುವುದಕ್ಕೆ ಮೊದಲು ಏನಾಗಿದ್ದಿತೆಂಬುದನ್ನು ವಾಚಕರು ಕ್ಷಣಕಾಲ ಆಲೋಚಿಸಬೇಕು. ಇದಕ್ಕೆ ಬೌದ್ಧಭಿಕ್ಷುಗಳ ಚೀವರದ ಇತಿಹಾಸವು ಒಳ್ಳೆಯ ಸಾಧನವಾಗಿದೆ.

ಸಂಘದ ಆರಂಭದಲ್ಲಿ ಭಿಕ್ಷುಗಳು ಧರಿಸುತ್ತಿದ್ದುದು ಪಾಂಸುಕೂಲ. ಎಂದರೆ ತಿಪ್ಪೆಯಲ್ಲಿ, ಸ್ಮಶಾನದಲ್ಲಿ ಜನರು ಬಿಸುಟ ಚಿಂದಿ. ಅದನ್ನು ಆಯ್ದು, ಒಗೆದು, ಹೊಲಿದು, ಬೇರು ತೊಗಟೆಗಳ ಬಣ್ಣ ಕಟ್ಟಿ ಉಡುತ್ತಿದ್ದರು. ಜೀವಕನೆಂಬ ವೈದ್ಯನು ತನಗೆ ದೊರೆತ ಬೆಲೆಬಾಳುವ ವಸ್ತ್ರವನ್ನು ಬುದ್ಧನಿಗೆ ಅರ್ಪಿಸಿ, ಗೃಹಸ್ಥರು ನೀಡುವ ಬಟ್ಟೆಯನ್ನೂ ಭಿಕ್ಷುಗಳು ಸ್ವೀಕರಿಸುವಂತಾಗಲೆಂದು ಬೇಡಿದನೆಂದು ವಿನಯಪಿಟಕದ ಮಹಾವಗ್ಗವು ಹೇಳುತ್ತದೆ. ಬುದ್ಧನು ಒಪ್ಪಿದನು, ಚಿಂದಿಯನ್ನೇ ಬಯಸುವವರಿಗೂ ತಡೆಯಿರಲಿಲ್ಲ.

ದಾನ ಬಂದಿತು, ಅದರ ಬೆನ್ನಿಗೇ ಸಂಗ್ರಹವೂ ಬಂದಿತು. ತಲೆಯ ಮೇಲೆ, ಹೆಗಲ ಮೇಲೆ ಬಟ್ಟೆಯ ಗಂಟು ಹೊತ್ತು ನಡೆಯುವ ಭಿಕ್ಷುಗಳನ್ನು ಬುದ್ಧನು ಕಂಡನು. ವೈಶಾಲಿಯಲ್ಲಿ ಕೊರೆಯುವ ಚಳಿಯ ಒಂದು ರಾತ್ರಿ ತಾನೇ ಬಯಲಲ್ಲಿ ಕುಳಿತು, ಚಳಿ ಹೆಚ್ಚಿದಂತೆ ಒಂದರ ಮೇಲೊಂದು ವಸ್ತ್ರ ಹೊದ್ದು, ದೇಹಕ್ಕೆ ಬೇಕಾದುದೆಷ್ಟೆಂಬುದನ್ನು ಅಳೆದನು. ಹೀಗೆ ಅಂತರವಾಸಕ, ಉತ್ತರಾಸಂಗ, ಎರಡು ಪದರದ ಸಂಘಾಟಿ ಎಂಬ ತ್ರಿಚೀವರದ ನಿಯಮ ಹುಟ್ಟಿತು. ಗಮನಿಸಿರಿ: ನಿಯಮಕ್ಕೆ ಮೊದಲು ಸ್ವಾನುಭವವಿದ್ದಿತು.

ಇನ್ನೊಮ್ಮೆ ದಕ್ಷಿಣಗಿರಿಯ ಕಡೆಗೆ ಹೋಗುವಾಗ ಬದುಗಳಿಂದ ಮಡಿಮಡಿಯಾಗಿ ಹರಡಿದ್ದ ಮಗಧದ ಗದ್ದೆಗಳನ್ನು ತೋರಿಸಿ, ಅದೇ ಮಾದರಿಯಲ್ಲಿ ಚೀವರವನ್ನು ರಚಿಸಬಲ್ಲೆಯಾ ಎಂದು ಬುದ್ಧನು ಆನಂದನನ್ನು ಕೇಳಿದನು. ಆನಂದನು ಬಟ್ಟೆಯನ್ನು ತುಂಡರಿಸಿ ಹಾಗೆಯೇ ಹೊಲಿದನು. ಕತ್ತರಿಸಿದ ಬಟ್ಟೆಯನ್ನು ಇತರರು ಆಶಿಸರೆಂಬುದು ಇದರ ವಿವೇಕ. ಆದರೆ ಭಿಕ್ಷೆಯಿಂದ ಬದುಕುವವನ ಮೈಮೇಲೆ ಅನ್ನ ಬೆಳೆದವನ ಗದ್ದೆಯೇ ಮೂಡಿನಿಂತಿತೆಂಬುದು ಇದಕ್ಕಿಂತ ಹಿರಿದಾದ ಅರ್ಥವೆಂದು ನಮಗೆ ತೋರುತ್ತದೆ.

ಚೀವರವು ಹಳತಾದಾಗಲೂ ವ್ಯರ್ಥವಾಗುತ್ತಿರಲಿಲ್ಲ. ಉದಯನರಾಜನು ಕೇಳಿದಾಗ ಆನಂದನು ವಿವರಿಸಿದ ಕ್ರಮವಿದು: ಜೀರ್ಣವಸ್ತ್ರವು ಹೊದಿಕೆಯಾಗುವುದು, ಬಳಿಕ ನೆಲಹಾಸು, ಬಳಿಕ ಕಾಲೊರಸು, ಕೊನೆಗೆ ಕುಟ್ಟಿ ಮಣ್ಣಿನೊಡನೆ ಕಲಸಿ ನೆಲಕ್ಕೆ ಸಾರಿಸುವುದು.

ಧರ್ಮವು ದೇಶಾಂತರಗಳಿಗೆ ಹೋದಂತೆ ಉಡುಗೆಯೂ ಬದಲಾಯಿತು. ಚೀನಾದಲ್ಲಿ ಉದ್ದತೋಳಿನ ನಿಲುವಂಗಿ ಬಳಕೆಗೆ ಬಂದು, ಚೀವರವು ಅದರ ಮೇಲಿನ ಹೊದಿಕೆಯಾಯಿತು. ಟಿಬೆಟ್ಟಿನ ಕಡುಗೆಂಪನ್ನು ನಮ್ಮ ಬೈಲುಕುಪ್ಪೆ, ಮುಂಡಗೋಡುಗಳಲ್ಲಿಯೇ ಕಾಣಬಹುದು. ಬರ್ಮಾದಲ್ಲಿ ಒಂದು ಹೆಗಲು ಮುಚ್ಚಬೇಕೋ ಎರಡನ್ನೂ ಮುಚ್ಚಬೇಕೋ ಎಂಬ ವಿವಾದವು 18ನೆಯ ಶತಮಾನದಲ್ಲಿ ಸಂಘವನ್ನೇ ಸೀಳಿತು. ಅದನ್ನು ತೀರ್ಮಾನಿಸಲು ಬೋದವ್‌ಪಯಾ ಅರಸನೇ ಬರಬೇಕಾಯಿತು. ಜಪಾನಿನಲ್ಲಿ ಭಕ್ತರು ಜರತಾರಿಯ ರೇಷ್ಮೆಯನ್ನೇ ಚೀವರಕ್ಕೆ ಅರ್ಪಿಸಿದರು. ಆದರೆ ಆ ರೇಷ್ಮೆಯನ್ನೂ ತುಂಡರಿಸಿಯೇ ಹೊಲಿದರು!

ಚಿಂದಿ ಹೋಯಿತು, ಹೊಲಿಗೆ ಉಳಿಯಿತು. ಈ ಹೊಲಿಗೆಯು ಬರಿಯ ಅಲಂಕಾರವೋ, ಮರೆಯಬಾರದ ಋಣದ ನೆನಪೋ? ಉಡುವವರೂ ಉಡಿಸುವವರೂ ಒಟ್ಟಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು. ಈ ಸಾಲುಗಳನ್ನು ಬರೆಯುವ ಕೈಯೂ ಕಾವಿಯ ಅಂಚನ್ನು ಮುಟ್ಟಿ ನೋಡಿಕೊಳ್ಳುತ್ತಿದೆ.