ಕಾಳಿಯ ಮೊಸಳೆ, ದಂಡೆಯ ಜನ

ತ್ಯಾಗಲಿಯ ನಮಗೆ ಮೊಸಳೆ ಎಂದರೆ ಕತೆಯಲ್ಲಿ ಗಜೇಂದ್ರನ ಕಾಲು ಹಿಡಿದದ್ದು, ಅಷ್ಟೆ. ಹಳ್ಳದ ದಾರಿಯಲ್ಲಿ ಹೆದರಿಕೆ ಏನಿದ್ದರೂ ಉಂಬಳದ್ದು. ಇದೇ ಜಿಲ್ಲೆಯ ಆ ತುದಿಯ ದಾಂಡೇಲಿಯಲ್ಲಿ ಹಾಗಲ್ಲ. ಅಲ್ಲಿನ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನನ್ನ ಸೋದರಮಾವ ಕಾಳಿ ಹೊಳೆಯ ನಡುವೆ ಬೆರಳು ತೋರಿಸಿ, “ತಮಾ, ಅದು ಕಲ್ಲಲ್ಲ, ಸಮಾ ನೋಡು” ಎಂದಿದ್ದ.

ಆ ಕಾರ್ಖಾನೆ ಸ್ಥಾಪನೆಯಾದದ್ದು 1955ರಲ್ಲಿ. ಬಿದಿರು ಬಂತು, ಕಾರ್ಮಿಕರು ಬಂದರು, ಊರು ಹೊಳೆಯ ಅಂಚಿಗೇ ಬೆಳೆಯಿತು. ಮೊಸಳೆ ಅದಕ್ಕೂ ಮೊದಲಿನದು. ಚರ್ಮದ ಆಸೆಗೆ ದೇಶದಲ್ಲೆಲ್ಲ ಅವನ್ನು ಹೊಡೆಯುತ್ತಿದ್ದ ಕಾಲದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂತು. 1975ರಲ್ಲಿ ಕೇಂದ್ರ ಸರ್ಕಾರ ಮೊಸಳೆ ಸಂರಕ್ಷಣಾ ಯೋಜನೆಯನ್ನೇ ಶುರುಮಾಡಿತು. ಆಮೇಲೆ ಮೇಲ್ಗಡೆ ಸೂಪಾ ಅಣೆಕಟ್ಟು ಎದ್ದಿತು. ಕರೆಂಟಿನ ಲೆಕ್ಕಕ್ಕೆ ತಕ್ಕಂತೆ ಹೊಳೆ ಏರಿ ಇಳಿಯತೊಡಗಿತು.

ಮೊಸಳೆಯ ಸಂಸಾರ ನಮ್ಮ ಕಣ್ಣಿಗೆ ಬೀಳುವುದು ಕಡಿಮೆ. ಬೇಸಿಗೆಗೆ ಮೊದಲು ದಂಡೆಯಲ್ಲಿ ಗುಂಡಿ ತೋಡಿ ಇಪ್ಪತ್ತು ಮೂವತ್ತು ಮೊಟ್ಟೆ ಇಡುತ್ತದೆ. ಮರಿ ಗಂಡೋ ಹೆಣ್ಣೋ ಎಂಬುದು ಗೂಡಿನ ಬಿಸಿಯ ಮೇಲೆ ಹೋಗುತ್ತದೆ. ಎರಡು ತಿಂಗಳು ಕಳೆದು ಒಳಗಿನಿಂದ ಮರಿ ಕೂಗಿದರೆ ತಾಯಿ ಮಣ್ಣು ಕೆದರಿ, ಬಾಯಲ್ಲೇ ಕಚ್ಚಿಕೊಂಡು ನೀರಿಗೆ ಒಯ್ಯುತ್ತದೆ. ಹಲ್ಲಿನ ಸಾಲಿನ ನಡುವೆ ಕೂತ ಮರಿಗೆ ಒಂದು ಗೀರೂ ಆಗುವುದಿಲ್ಲ.

2021ರ ಅಕ್ಟೋಬರ್‌ನಲ್ಲಿ ದಾಂಡೇಲಿಯ ದಂಡೆಯಲ್ಲಿ ಮೀನು ಹಿಡಿಯುತ್ತಿದ್ದ ಹುಡುಗನನ್ನು ಮೊಸಳೆ ಎಳೆದೊಯ್ದಿತು. ಆಮೇಲೆ ಬೇಲಿ ಬೇಕು, ಮೊಸಳೆ ಹಿಡಿದು ಬೇರೆಡೆ ಬಿಡಬೇಕು ಎಂಬ ಮಾತು. ಮಾವನ ವಾದ ಬೇರೆ: ಮಾಂಸದ ತ್ಯಾಜ್ಯ ಹೊಳೆಗೆ ಸುರಿದ ಜಾಗಕ್ಕೆ ಅದು ಬಾರದೆ ಇನ್ನೆಲ್ಲಿಗೆ ಹೋಗಬೇಕು? ನನಗೂ ಹಾಗೇ ಅನಿಸುತ್ತದೆ.

ಕುಂಬಳೆ ಸೀಮೆಯ ನೆಂಟರು ಇದಕ್ಕೆ ಅನಂತಪುರದ ಬಬಿಯಾನನ್ನು ಎದುರಿಡುತ್ತಾರೆ. ದೇವಸ್ಥಾನದ ಕೆರೆಯಲ್ಲಿದ್ದು, ನೈವೇದ್ಯದ ಅನ್ನ ತಿಂದು, 2022ರ ಅಕ್ಟೋಬರ್ 9ರಂದು ತೀರಿಕೊಂಡ ಮೊಸಳೆ. ಅದು ಸಸ್ಯಾಹಾರಿಯಾಗಿತ್ತು ಎಂಬುದನ್ನು ನಾನು ನಂಬುವುದಿಲ್ಲ, ಕೆರೆಯಲ್ಲಿ ಮೀನಿತ್ತಲ್ಲ! ಆದರೆ ಅಲ್ಲಿ ಅನ್ನ ಹಾಕುವ ಕೈ ಅರ್ಚಕರದ್ದು, ಹೊತ್ತು ಪೂಜೆಯದ್ದು. ಕಾಳಿಯ ದಂಡೆಯಲ್ಲಿ ಕೈಗೂ ಲೆಕ್ಕವಿಲ್ಲ, ಹೊತ್ತಿಗೂ ಇಲ್ಲ.

ನಿವೃತ್ತನಾದ ಮೇಲೂ ಮಾವ ಸಂಜೆ ದಂಡೆಗೆ ಹೋಗುತ್ತಾನೆ. ಬಾಯಿ ತೆರೆದು ಮಲಗಿದ ಮೊಸಳೆಗೆ ಬಿಸ್ಕತ್ತು ಎಸೆಯುವ ಪ್ರವಾಸಿಗರನ್ನು ಕಂಡರೆ ಅವನಿಗೆ ತಡೆಯುವುದಿಲ್ಲ: “ಅದು ಬಾಯಿ ತೆಗೆದಿದ್ದು ಹಸಿವೆಗಲ್ಲ ಮಾರಾಯರೆ, ಸೆಕೆಗೆ!”