ಅಂಗಾಲಿನ ಉರಿ

ನಮ್ಮತ್ತೆಯವರಿಗೆ ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷ ಕಳೆದ ಮೇಲೆ ಅಂಗಾಲಿನ ಉರಿ ಶುರುವಾಯಿತು. ಹಗಲು ಮನೆಯ ಗದ್ದಲದಲ್ಲಿ ಹೇಗೋ ಕಳೆದುಹೋಗುತ್ತಿತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ, "ಕಾಲಿಗೆ ಯಾರೋ ಕೆಂಡ ಸುರಿದ ಹಾಗಾಗುತ್ತೆ ಕಣೇ" ಎಂದು ಎದ್ದು ಕೂರುತ್ತಿದ್ದರು. ಮಕ್ಕಳ ಉತ್ತರಪತ್ರಿಕೆಗಳನ್ನು ಪಕ್ಕಕ್ಕಿಟ್ಟು, ಕರ್ಪೂರ ಹಾಕಿದ ಕೊಬ್ಬರಿ ಎಣ್ಣೆಯಿಂದ ಪಾದ ನೀವುತ್ತಿದ್ದೆ. ಸ್ವಲ್ಪ ಹೊತ್ತಿಗೆ ನಿದ್ದೆ ಹತ್ತುತ್ತಿತ್ತು.

ಶಾಲೆಯಲ್ಲಿ ಇತಿಹಾಸ ಹೇಳಿಕೊಡುವವಳು ನಾನು. ಈ ಉರಿಯ ವಯಸ್ಸೆಷ್ಟು ಎಂಬ ಕುತೂಹಲ ಹುಟ್ಟಿತು. ಹುಡುಕಿದರೆ ಚರಕಸಂಹಿತೆಯಲ್ಲೇ ಇದೆ. ಪ್ರಮೇಹದ ಮುನ್ಸೂಚನೆಗಳಲ್ಲಿ ಮೂತ್ರಕ್ಕೆ ಇರುವೆ ಮುತ್ತುವುದರ ಜೊತೆಗೆ ಕೈಕಾಲುಗಳ ಜೋಮು, ಉರಿಯನ್ನೂ ಹೇಳಿದ್ದಾರೆ. ಯುರೋಪಿನ ವೈದ್ಯರಲ್ಲಿ ನರಗಳು ಕೆಟ್ಟಿದ್ದರಿಂದಲೇ ಈ ಕಾಯಿಲೆ ಬರುತ್ತದೆಂಬ ನಂಬಿಕೆಯಿತ್ತು. 1864ರಲ್ಲಿ ಫ್ರಾನ್ಸಿನ ಮಾರ್ಷಲ್ ದ ಕಾಲ್ವಿ, ಕಾಯಿಲೆಯೇ ನರವನ್ನು ಕೆಡಿಸುತ್ತದೆ ಎಂದು ಅದನ್ನು ತಿರುಗಿಸಿ ಹೇಳಿದರು. 1885ರಲ್ಲಿ ಲಂಡನ್ನಿನ ವೈದ್ಯ ಪೇವಿ, ಭಾರವಾದ ಕಾಲು, ಜೋಮು ಹಿಡಿದ ಪಾದ, ರಾತ್ರಿ ಹೆಚ್ಚುವ ನೋವು ಎಂದು ಬರೆದರು. ನಮ್ಮತ್ತೆಯನ್ನು ಕಂಡೇ ಬರೆದಂತಿದೆ!

ಪರಿಮಳದ ಎಣ್ಣೆಯ ಕಥೆ ಬೇರೆ. 1910ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಗಟ್‌ಫೋಸೆಯವರ ಪ್ರಯೋಗಾಲಯದಲ್ಲಿ ಸ್ಫೋಟವಾಗಿ ಕೈಗಳು ಸುಟ್ಟವು. ಕೊಳೆಯತೊಡಗಿದ ಗಾಯವನ್ನು ಲ್ಯಾವೆಂಡರ್ ಎಣ್ಣೆಯಿಂದ ತೊಳೆದಾಗ ಗುಣ ಕಂಡಿತೆಂದು ಅವರು ಬರೆದಿದ್ದಾರೆ. 1937ರಲ್ಲಿ ಅವರು ಹೊರತಂದ ಪುಸ್ತಕದ ಹೆಸರೇ 'ಅರೋಮಾಥೆರಪಿ'. ಅದನ್ನು ಅಂಗಮರ್ದನದೊಂದಿಗೆ ಬೆಸೆದವರಲ್ಲಿ ಮುಖ್ಯರು ಒಬ್ಬ ಹೆಂಗಸು, ಆಸ್ಟ್ರಿಯಾದಲ್ಲಿ ಹುಟ್ಟಿದ ಮಾರ್ಗರೀಟ್ ಮೋರಿ. ಅವರ ಪುಸ್ತಕ 1961ರಲ್ಲಿ ಬಂತು.

ಇದು ಸಕ್ಕರೆ ಕಾಯಿಲೆಯ ನರನೋವಿಗೆ ಆದೀತೇ? ಟರ್ಕಿಯ ಶುಶ್ರೂಷಾ ಸಂಶೋಧಕಿಯರು ನೋಡಿದರು. 46 ರೋಗಿಗಳಲ್ಲಿ ಕೆಲವರಿಗೆ ನಾಲ್ಕು ವಾರ ಲ್ಯಾವೆಂಡರ್, ನೀಲಗಿರಿ ಮೊದಲಾದ ಎಣ್ಣೆಗಳಿಂದ ಕೈಕಾಲು ನೀವಿದರು. ಉಳಿದವರಿಗೆ ಎಂದಿನ ಆರೈಕೆ ಮಾತ್ರ. ನೀವಿಸಿಕೊಂಡವರ ನೋವು ಕಡಿಮೆಯಾಯಿತೆಂದು 2017ರಲ್ಲಿ ಪ್ರಕಟಿಸಿದರು. ಆದರೆ ಗುಂಪು ಚಿಕ್ಕದು. ಅದೂ ಅಲ್ಲದೆ, ಗುಣ ಕೊಟ್ಟದ್ದು ಪರಿಮಳವೋ, ನೀವಿದ ಕೈಯೋ? ಇದರಿಂದ ಹೇಳಲಾಗದು.

ಕೈಯ ಬೆಲೆ ನನಗೆ ತಿಳಿದದ್ದು ನನ್ನದೇ ತಪ್ಪಿನಿಂದ. ಒಂದು ಮಾಗಿಯ ರಾತ್ರಿ ನೀವಲು ಬೇಸರವಾಗಿ ಬಿಸಿನೀರಿನ ಚೀಲವನ್ನು ಅತ್ತೆಯ ಪಾದದಡಿ ಇಟ್ಟು ಮಲಗಿಬಿಟ್ಟೆ. "ಹಿತವಾಗಿದೆ" ಎಂದಿದ್ದರು. ಬೆಳಿಗ್ಗೆ ನೋಡಿದರೆ ಹಿಮ್ಮಡಿಯಲ್ಲಿ ನಿಂಬೆಹಣ್ಣಿನಷ್ಟು ಬೊಕ್ಕೆ! ಅವರಿಗೆ ಗೊತ್ತೇ ಆಗಿರಲಿಲ್ಲ. ಕೆಂಡದಂತೆ ಉರಿಯುವ ಕಾಲಿಗೆ ನಿಜವಾದ ಬಿಸಿ ತಿಳಿಯದು. ಕೆಟ್ಟ ನರ ಇಲ್ಲದ ಬೆಂಕಿಯನ್ನು ಹೇಳುತ್ತದೆ, ಇರುವ ಬೆಂಕಿಯನ್ನು ಮುಚ್ಚಿಡುತ್ತದೆ. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಅತ್ತೆ ಒಂದು ದಿನವೂ ನನ್ನನ್ನು ಬೈಯಲಿಲ್ಲ. ಅದೇ ಹೆಚ್ಚು ಸುಟ್ಟಿತು.

ಆಮೇಲೆ ದೀಪದ ಬೆಳಕಿನಲ್ಲಿ, ಬೆರಳು ಬಿಡಿಸಿ ನೋಡಿಯೇ ಎಣ್ಣೆ ಹಚ್ಚುತ್ತಿದ್ದೆ. ಒಮ್ಮೆ ಅಂಗಾಲಿಗೆ ಚುಚ್ಚಿದ ಗಾಜಿನ ಚೂರು ಸಿಕ್ಕಿತು. ಅದೂ ಅವರಿಗೆ ತಿಳಿದಿರಲಿಲ್ಲ.

ಎಣ್ಣೆಯಿಂದ ಕೆಟ್ಟ ನರ ಚಿಗುರುವುದಿಲ್ಲ. ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡುವ ಔಷಧಿ, ಪಥ್ಯ ಬಿಡುವಂತಿಲ್ಲ. ಪರಿಮಳದ ಎಣ್ಣೆಯನ್ನು ಬೆರೆಸದೆ ಹಚ್ಚಬಾರದು; ಗಾಯಕ್ಕೂ ಬೆರಳ ಸಂದಿಗೂ ಬೇಡ. ಆದರೆ ದಿನಾ ಪಾದ ಮುಟ್ಟುವವರಿಗೆ ಗಾಯ ಬೇಗ ಕಾಣುತ್ತದೆ.

ಅತ್ತೆ ಈಗಿಲ್ಲ. ಮೂರು ವರ್ಷದಿಂದ ನನಗೂ ಸಕ್ಕರೆ. ರಾತ್ರಿ ಎಣ್ಣೆಯ ಬಟ್ಟಲಿನ ಪಕ್ಕದಲ್ಲಿ ಒಂದು ಕೈಗನ್ನಡಿ ಇಟ್ಟುಕೊಂಡಿದ್ದೇನೆ, ಅಂಗಾಲು ನೋಡಿಕೊಳ್ಳಲು.