ತಂತಿ ಸುತ್ತಿ ಬೆಂಗಳೂರು ಹಿಡಿದ ಕಾಲ

ಕೆಂಚಾರ್ಲಹಳ್ಳಿ ಕಡೆ ಹಿರಿಯರು ರೇಡಿಯೊವನ್ನು ಕಿವಿಗಿಟ್ಟು ಅತ್ತಿತ್ತ ತಿರುಗಿಸುವುದನ್ನು ಕಂಡು ನಾವು ನಕ್ಕಿದ್ದೇವೆ. ಅದರ ಹಿಂದಿನ ಲೆಕ್ಕ ತಿಳಿದದ್ದು ಆಮೇಲೆ.

1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ಅದರ ಹೆಸರು ‘ಆಕಾಶವಾಣಿ’. ಬೆಂಗಳೂರು ಕೇಂದ್ರ ಶುರುವಾದದ್ದು 1955ರಲ್ಲಿ. ಅದರ ಮಧ್ಯಮ ತರಂಗ 612 ಕಿಲೋಹರ್ಟ್ಸ್, ಅಂದರೆ ಅಲೆಯ ಉದ್ದ ಸುಮಾರು 490 ಮೀಟರ್. ಅಂತಹ ಅಲೆಯನ್ನು ಪುಟ್ಟ ಟ್ರಾನ್ಸಿಸ್ಟರ್ ಹಿಡಿಯುವುದು ಫೆರೈಟ್ ಕಡ್ಡಿಗೆ ಸುತ್ತಿದ ತಾಮ್ರದ ತಂತಿಯಿಂದ. ಕಡ್ಡಿಯ ತುದಿ ಕೇಂದ್ರದ ಕಡೆಗಿದ್ದರೆ ದನಿ ಸೊರಗುತ್ತದೆ, ಅಡ್ಡವಾದರೆ ಏರುತ್ತದೆ. ಬೆಂಗಳೂರು ನಮಗೆ ನೈಋತ್ಯಕ್ಕಿದೆ. ಹಾಗಾಗಿ ಕಡ್ಡಿ ವಾಯವ್ಯ-ಆಗ್ನೇಯವಾಗಿ ಮಲಗಬೇಕು.

ಅದೂ ಸಾಲದಿದ್ದರೆ ಮನೆಯಲ್ಲೇ ಕಾಯಿಲ್ ಸುತ್ತಬಹುದು. ಎರಡಡಿಯ ಮರದ ಚೌಕಟ್ಟಿಗೆ ಎನಾಮಲ್ ತಂತಿ ಸುಮಾರು ಹತ್ತು ಸುತ್ತು. ಮೋಟರ್ ರಿವೈಂಡಿಂಗ್ ಅಂಗಡಿಯ ಉಳಿಕೆ ತಂತಿಯೂ ಆದೀತು. ತುದಿಗಳ ಲೇಪ ಕೆರೆದು ಹಳೆ ರೇಡಿಯೊದ ಗ್ಯಾಂಗ್ ಕಂಡೆನ್ಸರಿಗೆ ಜೋಡಿಸಿ, ರೇಡಿಯೊವನ್ನು ಪಕ್ಕದಲ್ಲಿಟ್ಟು ಗುಬುಟು ತಿರುಗಿಸಿದರೆ ಕ್ಷೀಣ ದನಿ ಎದ್ದು ಬರುತ್ತದೆ. ರೇಡಿಯೊಗೆ ವೈರು ಸಿಕ್ಕಿಸುವುದೂ ಬೇಡ.

ಈಗ ಎಲ್‌ಇಡಿ ಬಲ್ಬು, ಚಾರ್ಜರುಗಳ ಗೊರಗೊರ ಹೆಚ್ಚಿದೆ. ದೇಶದಲ್ಲಿ ಹಲವು ಮಧ್ಯಮ ತರಂಗ ಪ್ರಸಾರಗಳು ನಿಂತಿವೆ. ಆದರೆ ಕರೆಂಟು ಹೋಗಿ ಮೊಬೈಲ್ ಟವರೂ ಸತ್ತ ರಾತ್ರಿ ಎರಡು ಸೆಲ್ಲಿನ ರೇಡಿಯೊ ಮಾತಾಡುತ್ತದೆ. ಸುದ್ದಿಯನ್ನೇ ಓದಿ ಬಂದ ನಾವು, ಅದನ್ನು ಹಿಡಿಯಲು ತಂತಿ ಸುತ್ತಿದವರನ್ನು ಕೇಳಿ ಬರೆದಿಡಬೇಕಿದೆ, ಅವರಿರುವಾಗಲೇ.